ಕ್ಲಚ್ಚಿಲ್ಲ, ಗೇರಿಲ್ಲ: ಸ್ಟಾರ್ಟ್ ಮಾಡೋದು ಹೇಗೆ?

ಪ್ರಶ್ನೆ: 1890ರ ದಶಕದ, ಫ್ರಾನ್ಸಿನ ಡಿ ಡಿಯೋನ್-ಬೂಟೋನ್ ಕಂಪನಿಯ ಮೋಟಾರು ಟ್ರೈಸಿಕಲ್ಲಿಗೆ ಕಿಕ್ಕರ್, ಕ್ಲಚ್, ಗೇರು ಯಾವುದೂ ಇರಲಿಲ್ಲವಂತೆ. ಸ್ಟಾರ್ಟ್ ಮಾಡುತ್ತಿದ್ದುದು ಹೇಗೆ? ನಮ್ಮ ಜೋಗಿಮಟ್ಟಿ ಬೆಟ್ಟದ ಏರು ಹತ್ತೀತೆ?
– ಓದುಗರು, ಚಿತ್ರದುರ್ಗ

ಉತ್ತರ: ಪೆಡಲ್ ತುಳಿದೇ ಸ್ಟಾರ್ಟ್ ಮಾಡಬೇಕು. ಇಂಜಿನ್ನಿಗೂ ಹಿಂದಿನ ಆಕ್ಸಲ್ಲಿಗೂ ಹಲ್ಲುಚಕ್ರದ ನೇರ ಜೋಡಣೆ, ಹಾಗಾಗಿ ಗಾಲಿ ಉರುಳಿದರೆ ಪಿಸ್ಟನ್ನೂ ಆಡುತ್ತದೆ. ಮೊದಲು ಸಿಲಿಂಡರಿನ ಒತ್ತಡವನ್ನು ಹೊರಬಿಡುವ ಕಂಪ್ರೆಷನ್ ಟ್ಯಾಪ್ ತೆರೆಯಬೇಕು, ಇಲ್ಲದಿದ್ದರೆ ಕಾಲು ಸೋಲುತ್ತದೆ. ಕಿಡಿಯ ಹೊತ್ತು ಹೊಂದಿಸುವ ಟೈಮಿಂಗ್ ಲಿವರ್ ರಿಟಾರ್ಡಿನಲ್ಲಿರಲಿ, ಅಂದರೆ ಕಿಡಿ ತಡವಾಗಿ ಬರಲಿ. ಗಾಡಿ ಓಟಕ್ಕೆ ಬಿದ್ದ ಮೇಲೆ ಟ್ಯಾಪ್ ಮುಚ್ಚಿ ಹ್ಯಾಂಡಲ್ ಹಿಡಿ ತಿರುಗಿಸಿದರೆ ಬ್ಯಾಟರಿಯಿಂದ ಕಾಯಿಲ್ಲಿಗೆ ಕರೆಂಟ್ ಹೋಗಿ ಕಿಡಿ ಬರುತ್ತದೆ. ಇಂಜಿನ್ ಹಿಡಿದ ಕೂಡಲೇ ಟೈಮಿಂಗ್ ಅಡ್ವಾನ್ಸ್ ಮಾಡಬೇಕು, ಅಂದರೆ ಕಿಡಿಯನ್ನು ಬೇಗ ಬರಿಸಬೇಕು. ಗಾಲಿ ಉರುಳಿದರೂ ಪೆಡಲ್ ತಿರುಗದಂತೆ ಫ್ರೀವೀಲ್ ಇರುವುದರಿಂದ ಆಮೇಲೆ ಕಾಲಿಗೆ ಬಿಡುವು.

ಜೋಗಿಮಟ್ಟಿಯಂಥ ಏರಿನಲ್ಲಿ ಆ ಬಿಡುವು ಸಿಗದು. ಒಂದೂಮುಕ್ಕಾಲು ಅಶ್ವಶಕ್ತಿಯ ಮಾದರಿಯಲ್ಲೂ ವೇಗ ಇಳಿದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಅಂದರೆ ಆರ್‌ಪಿಎಂ ಇಳಿಯುತ್ತದೆ, ಇಂಜಿನ್ ಆಫ್ ಆಗುತ್ತದೆ. ಪೆಡಲ್ ತುಳಿದು ಇಂಜಿನ್ನಿಗೆ ಕೈಜೋಡಿಸಬೇಕು, ತೀರಾ ಕಡಿದಾದ ತಿರುವಿನಲ್ಲಿ ಇಳಿದು ತಳ್ಳಬೇಕು. ತಳ್ಳುವಾಗಲೂ ಟ್ಯಾಪ್ ತೆರೆದೇ ಇರಲಿ.

ನಿಜವಾದ ಕಾಟ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನದು. ಅದರಲ್ಲಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ತೂತು, ಅಂದರೆ ಜೆಟ್ ಇಲ್ಲ. ನಿಂತ ಪೆಟ್ರೋಲಿನ ಮೇಲೆ ಹಾದ ಗಾಳಿ ಆವಿಯನ್ನು ಹೊತ್ತೊಯ್ಯುತ್ತದೆ. ಹಗುರ ಅಂಶ ಮೊದಲು ಹಾರಿ ಹೋಗಿ, ಆವಿಯಾಗದ ಭಾರದ ಪೆಟ್ರೋಲ್ ತಳದಲ್ಲಿ ಉಳಿಯುತ್ತದೆ, ಅರ್ಧ ದಾರಿಯಲ್ಲಿ ಪವರ್ ಬೀಳುತ್ತದೆ. ಅದರ ಮೇಲೇ ಹೊಸದನ್ನು ಸುರಿದರೆ ಸಾಲದು, ಹಳೆಯದನ್ನು ಬಸಿಯಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಆವಿ ಹೆಚ್ಚಾಗಿ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ) ಆಗುವುದರಿಂದ ಗಾಳಿಯ ಲಿವರ್ ಹೆಚ್ಚು ತೆರೆದಿರಬೇಕು. ಇನ್ನೊಂದು, ಆ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ಬಿಡುವ ಇನ್‌ಲೆಟ್ ವಾಲ್ವ್. ಅದನ್ನು ತಳ್ಳಿ ತೆರೆಯುವ ಕ್ಯಾಮ್ ಇಲ್ಲ, ಪಿಸ್ಟನ್ ಎಳೆತಕ್ಕೇ ತೆರೆದುಕೊಳ್ಳುತ್ತದೆ. ಆಯಿಲ್ ಜಿಡ್ಡು ಹಿಡಿದು ಅಂಟಿದರೆ ಕಾರ್ಬುರೇಟರಿನತ್ತ ಪಟ್ ಎಂದು ಹಿಂದಕ್ಕೆ ಸಿಡಿಯುತ್ತದೆ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರೆ ಸರಿಹೋಗುತ್ತದೆ. ಸ್ಪ್ರಿಂಗ್ ಬಿಗಿಯಾದರೆ ಇಂಜಿನ್ನಿಗೆ ಗಾಳಿ ಸಾಲದು, ಸಡಿಲಾದರೆ ವಾಲ್ವ್ ತಡವಾಗಿ ಮುಚ್ಚುತ್ತದೆ.

ಪ್ರಶ್ನೆ: ಡೈಮ್ಲರ್ 1885ರಲ್ಲೇ ಇಂಜಿನ್ ಬೈಕ್ ಮಾಡಿದ್ದರೂ ಮೂರು ಗಾಲಿಯದ್ದೇ ಮೊದಲು ಗೆದ್ದಿದ್ದೇಕೆ?
– ಓದುಗರು, ದಾವಣಗೆರೆ

ಉತ್ತರ: ಡೈಮ್ಲರ್ ಇಂಜಿನ್ 264 ಸಿಸಿಯದು, 600 ಆರ್‌ಪಿಎಂನಲ್ಲಿ ಅರ್ಧ ಅಶ್ವಶಕ್ತಿ. ಕಾದ ಕೊಳವೆಯಿಂದ ಉರಿ ಹತ್ತಿಸುತ್ತಿದ್ದ ಕಾಲ ಅದು, ಟೈಮಿಂಗ್ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಡಿ ಡಿಯೋನ್-ಬೂಟೋನ್ ಕಂಪನಿಯ ಜಾರ್ಜ್ ಬೂಟೋನ್ ಬ್ಯಾಟರಿಯ ಕಿಡಿಯಿಂದ ಉರಿ ಹತ್ತಿಸುವ ಇಗ್ನಿಷನ್ ಅಳವಡಿಸಿ, ಪುಟ್ಟ ಇಂಜಿನ್ನನ್ನು 1500 ಆರ್‌ಪಿಎಂ ದಾಟಿಸಿದರು. ಅಷ್ಟು ಹಗುರ ಇಂಜಿನ್ ಆಕ್ಸಲ್ ಹಿಂದೆ ಕೂತರೂ ಮೂರು ಗಾಲಿಯ ಗಾಡಿ ತಾನೇ ನಿಲ್ಲುತ್ತದೆ. ಬೈಕಿನಲ್ಲಿ ಇಂಜಿನ್ ಎಲ್ಲಿಡಬೇಕೆಂಬುದೇ ಬಗೆಹರಿದಿರಲಿಲ್ಲ. 1897ರಲ್ಲಿ ವೆರ್ನರ್ ಸಹೋದರರು ಮುಂದಿನ ಗಾಲಿಯ ಮೇಲಿಟ್ಟರು, ಭಾರ ಮೇಲಿದ್ದುದರಿಂದ ಒದ್ದೆ ರಸ್ತೆಯಲ್ಲಿ ಗಾಡಿ ಜಾರುತ್ತಿತ್ತು. 1901ರಲ್ಲಿ ಅದನ್ನು ಫ್ರೇಮಿನ ತಳಕ್ಕೆ, ಪೆಡಲ್ಲಿನ ಜಾಗಕ್ಕೆ ಇಳಿಸಿದರು. ಬೈಕು ಬೈಕಾದದ್ದು ಆಗಲೇ.