ಮೆಣಸಿನ ಕಾವಲಿಗೆ ಪಿಟ್‌ಬುಲ್ ತರಬಹುದೇ? ಹಾನಬಾಳು ಕಡೆಯ ಸದಸ್ಯರ ಪ್ರಶ್ನೆಗೆ ಉತ್ತರ

ನಮ್ಮ ಬೆಳೆಗಾರರ ಗುಂಪಿನ ಹಾನಬಾಳು ಕಡೆಯ ಸದಸ್ಯರು ಎರಡು ಪ್ರಶ್ನೆ ಕೇಳಿದ್ದಾರೆ. ಎರಡು ವರ್ಷಗಳಿಂದ ಬಳ್ಳಿಯಿಂದಲೂ ಕಣದಿಂದಲೂ ಮೆಣಸು ಕಳುವಾಗುತ್ತಿರುವುದರಿಂದ, ಬೆಂಗಳೂರಿನ ಪರಿಚಿತರೊಬ್ಬರು ಕೊಡುತ್ತೇನೆಂದಿರುವ ನಾಲ್ಕು ತಿಂಗಳ ಎರಡು ಗಂಡು ಪಿಟ್‌ಬುಲ್ ಮರಿಗಳನ್ನು ತೋಟಕ್ಕೆ ತರಬಹುದೇ ಎಂಬುದು ಮೊದಲನೆಯದು. ಈ ತಳಿಯನ್ನು ಸರ್ಕಾರ ನಿಷೇಧಿಸಿದೆಯಂತೆ, ನಿಜವೇ ಎಂಬುದು ಎರಡನೆಯದು. ಇದುವರೆಗೆ ಉತ್ತರಿಸಿದವರಲ್ಲಿ ಅರ್ಧ ಜನ ಅದು ನಾಯಿಯಲ್ಲ ರಾಕ್ಷಸ ಎಂದಿದ್ದಾರೆ. ಉಳಿದವರು ಎಲ್ಲವೂ ಸಾಕುವವರ ಕೈಯಲ್ಲಿದೆ, ನಾಯಿಯದೇನೂ ತಪ್ಪಿಲ್ಲ ಎಂದಿದ್ದಾರೆ. ನಾನು ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದಲ್ಲಿ ಅಂಥದೊಂದು ನಾಯಿಯನ್ನು ನಾಲ್ಕು ವರ್ಷ ಸಾಕಿದವನಾದ್ದರಿಂದ ಎರಡು ಮಾತಿಗೂ ಪೂರ್ತಿ ಒಪ್ಪಿಗೆ ಕೊಡಲಾರೆ. ನಾಯಿ ಒಳ್ಳೆಯದೇ ಇರಬಹುದು, ಆದರೆ ತೋಟ ಕಾಯುವುದು ಅದರ ಕಸುಬಲ್ಲ.

ಕಾನೂನಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು, 23 ಬಗೆಯ ನಾಯಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಮಾರಾಟಕ್ಕೂ ಸಾಕಣೆಗೂ ಸ್ಥಳೀಯ ಸಂಸ್ಥೆಗಳು ಪರವಾನಗಿ ಕೊಡಬಾರದು, ಈಗಾಗಲೇ ಮನೆಗಳಲ್ಲಿ ಇರುವುವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ಸೂಚಿಸಿತು. ನಿಮ್ಮ ಕಿವಿಗೆ ಬಿದ್ದಿರುವುದು ಇದೇ ಸುದ್ದಿ. ಆ ಪಟ್ಟಿಯಲ್ಲಿ ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್, ರಾಟ್‌ವೀಲರ್, ಕೇನ್ ಕೊರ್ಸೊ ಮುಂತಾದವು ಇದ್ದವು. ಪಟ್ಟಿ ಮಾಡಿದವರ ಅವಸರವೂ ಅದರಲ್ಲಿ ಕಾಣುತ್ತಿತ್ತು: ಜಪಾನಿನ ತೋಸಾ ನಾಯಿಯ ಹೆಸರು ಎರಡು ಕಡೆ ಬಂದಿತ್ತು, ‘ಟೆರಿಯರ್‌ಗಳು’, ‘ಮ್ಯಾಸ್ಟಿಫ್‌ಗಳು’ ಎಂದು ಗುಂಪುಗುಂಪನ್ನೇ ಸೇರಿಸಿದ್ದರಿಂದ ಮಡಿಲಲ್ಲಿ ಕೂರುವ ಪುಟ್ಟ ಟೆರಿಯರ್ ಕೂಡ ಅಕ್ಷರಶಃ ಓದಿದರೆ ಅಪಾಯಕಾರಿಯಾಗುತ್ತಿತ್ತು. ನಮ್ಮ ಹೈಕೋರ್ಟು ಅದೇ ತಿಂಗಳು ತಡೆ ಕೊಟ್ಟು, ಏಪ್ರಿಲ್ 10ರಂದು, ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಆ ಸುತ್ತೋಲೆಯನ್ನು ರದ್ದುಪಡಿಸಿತು; ಕ್ರಮಬದ್ಧವಾಗಿ ಎಲ್ಲರನ್ನೂ ಕೇಳಿ ಹೊಸದಾಗಿ ಮಾಡುವ ದಾರಿಯನ್ನು ಮಾತ್ರ ತೆರೆದಿಟ್ಟಿತು. ದೆಹಲಿ ಹೈಕೋರ್ಟಿನ ಮುಂದೆಯೂ ಆಕ್ಷೇಪಣೆ ಕೇಳಿ ನಿರ್ಧರಿಸುವುದಾಗಿ ಕೇಂದ್ರವೇ ಹೇಳಿತು. ಹಾಗಾಗಿ ಆ ಸುತ್ತೋಲೆಯನ್ನು ತೋರಿಸಿ ನಿಮ್ಮ ನಾಯಿಯನ್ನು ಯಾರೂ ಒಯ್ಯುವಂತಿಲ್ಲ.

ಇಷ್ಟಕ್ಕೇ ನಿಶ್ಚಿಂತರಾಗಬೇಡಿ. ತಳಿ ಯಾವುದೇ ಇರಲಿ, ಸಾಕುಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜೀವ ಹೋದರೆ ನಿರ್ಲಕ್ಷ್ಯದಿಂದಾದ ಸಾವು ಎಂದು 106ನೇ ಕಲಮು ಸೇರುತ್ತದೆ, ಅಲ್ಲಿ ಸಜೆ ಐದು ವರ್ಷದವರೆಗೆ. ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು ಹಾಕಿದ್ದೇನೆ ಎನ್ನುವುದು, ಪ್ರತಿದಿನ ಅದೇ ಗೇಟಿನಲ್ಲಿ ಕೆಲಸಕ್ಕೆ ಬರುವ ಆಳಿನ ವಿಷಯದಲ್ಲಿ ಉತ್ತರವಾಗಲಾರದು.

ಇನ್ನು ಈ ನಾಯಿಯ ಹಿನ್ನೆಲೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ. ಇಂಗ್ಲೆಂಡಿನಲ್ಲಿ ಹಿಂದೆ ಹೋರಿಯನ್ನು ಗೂಟಕ್ಕೆ ಕಟ್ಟಿ, ಅದರ ಮೂಗಿಗೆ ನಾಯಿ ಬಿಡುವ ಆಟವಿತ್ತು. 1835ರಲ್ಲಿ ಅಲ್ಲಿನ ಸಂಸತ್ತು ಅದನ್ನು ನಿಷೇಧಿಸಿದ ಮೇಲೆ ಜೂಜುಕೋರರು, ಕದ್ದುಮುಚ್ಚಿ ನಡೆಸಲು ಸುಲಭವಾದ ನಾಯಿಕಾಳಗಕ್ಕೆ ಹೊರಳಿದರು. ಹೋರಿಗೆ ಬಿಡುತ್ತಿದ್ದ ಗಟ್ಟಿ ನಾಯಿಗೂ ಇಲಿ, ನರಿ ಹಿಡಿಯುವ ಚುರುಕಿನ ಟೆರಿಯರ್‌ಗೂ ಕೂಡಿಸಿ ಹೊಸ ನಾಯಿಯನ್ನು ಬೆಳೆಸಿದರು. ಪಿಟ್ ಎಂದರೆ ಕಾಳಗ ನಡೆಯುತ್ತಿದ್ದ ಆ ಅಖಾಡ. ವಲಸೆಗಾರರೊಂದಿಗೆ ಅದು ಅಮೆರಿಕಕ್ಕೆ ಹೋಯಿತು. 1898ರಲ್ಲಿ ಅಲ್ಲಿ ಯುನೈಟೆಡ್ ಕೆನೆಲ್ ಕ್ಲಬ್ ಹುಟ್ಟಿದ್ದೇ ಈ ನಾಯಿಯನ್ನು ನೋಂದಾಯಿಸುವುದರ ಮೂಲಕ. ದೊಡ್ಡದಾದ ಅಮೆರಿಕನ್ ಕೆನೆಲ್ ಕ್ಲಬ್ ಮಾತ್ರ ಪಿಟ್‌ಬುಲ್ ಎಂಬ ಹೆಸರನ್ನು ಒಪ್ಪದೆ, 1936ರಲ್ಲಿ ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಎಂಬ ಮರ್ಯಾದೆಯ ಹೆಸರಿನಲ್ಲಿ ಅದರ ಬಂಧುವನ್ನು ಸೇರಿಸಿಕೊಂಡಿತು.

ಅಖಾಡದೊಳಗೆ ಎರಡು ನಾಯಿಗಳ ಜೊತೆ ಅವುಗಳನ್ನು ಬಿಡುವವರು ಮತ್ತು ತೀರ್ಪುಗಾರ ನಿಂತಿರುತ್ತಿದ್ದರು, ಕಾದಾಡುತ್ತಿರುವ ನಾಯಿಯನ್ನು ಬರಿಗೈಯಲ್ಲಿ ಎತ್ತಿ ಬೇರ್ಪಡಿಸುತ್ತಿದ್ದರು. ಆದ್ದರಿಂದ ಅವರಿಗೆ ಬೇಕಾಗಿದ್ದುದು ಮನುಷ್ಯರನ್ನು ಕಚ್ಚದ, ಇನ್ನೊಂದು ನಾಯಿಯನ್ನು ಕಂಡರೆ ಬೊಗಳದೆ ಗುರುಗುಟ್ಟದೆ ನೇರವಾಗಿ ನುಗ್ಗುವ, ನೋವಾದರೂ ಹಿಡಿತ ಸಡಿಲಿಸದ ನಾಯಿ. ಈಗ ನಿಮ್ಮ ಕಣದ ಕಾವಲಿಗೆ ಏನು ಬೇಕು ಯೋಚಿಸಿ. ಅಪರಿಚಿತರನ್ನು ದೂರದಿಂದಲೇ ಗುರುತಿಸಿ ಊರೆಲ್ಲ ಕೇಳುವಂತೆ ಬೊಗಳುವ, ಹತ್ತಿರ ಹೋಗದೆ ಸುತ್ತುಹಾಕುತ್ತಲೇ ಕಾವಲುಗಾರನನ್ನು ಎಬ್ಬಿಸುವ ನಾಯಿ ಬೇಕು. ಇದಕ್ಕಿಂತ ವಿರುದ್ಧವಾದ ಗುಣಕ್ಕೆ ಬೆಳೆಸಿದ ನಾಯಿ ಹುಡುಕಿದರೂ ಸಿಗಲಾರದು. ಕಳ್ಳ ಬಂದರೆ ಬಾಲವಾಡಿಸಿಕೊಂಡು ಹೋಗುವ ಪಿಟ್‌ಬುಲ್ಲುಗಳೂ ಇವೆ. ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ನಾಯಿ ಬಂದರೆ ಮಾತ್ರ ಕಥೆ ಬೇರೆ.

ಆ ಬೇರೆ ಕಥೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾವಮೈದ ಬಿಟ್ಟುಹೋದ ನಮ್ಮ ಪಿಟ್‌ಬುಲ್ ಬೂದ ಮಕ್ಕಳೊಂದಿಗೆ ಬೆಕ್ಕಿನಂತೆ ಇರುತ್ತಿದ್ದ. ಮೂರನೆಯ ವರ್ಷದ ಕೊಯ್ಲಿನಲ್ಲಿ, ಸಂಜೆ ಕಾಫಿ ಹಣ್ಣು ತೂಗುವ ಹೊತ್ತು, ಹೆಂಗಸರು ಚೀಲ ಇಟ್ಟುಕೊಂಡು ಸಾಲಾಗಿ ನಿಂತಿದ್ದಾಗ, ಸರಪಳಿಯ ಕೊಕ್ಕೆ ಬಿಚ್ಚಿಕೊಂಡು ಬಂದವನು ಅವರ ಕಾಲುಗಳ ನಡುವೆಯೇ ನುಸುಳಿ, ತೂಕದ ಹತ್ತಿರ ಮಲಗಿದ್ದ ಲೈನ್ ಮನೆಯ ಕೆಂದನಾಯಿಯ ಕಿವಿಯ ಕೆಳಗೆ ಬಾಯಿ ಹಾಕಿದ. ಒಂದೇ ಒಂದು ಸದ್ದು ಮಾಡಲಿಲ್ಲ. ಕೆಂದನ ಕಿರುಚಾಟ ಮಾತ್ರ. ಎರಡು ಬಕೆಟ್ ನೀರು ಸುರಿದೆವು, ಕೋಲಿನಲ್ಲಿ ಹೊಡೆದರು, ಏನೂ ಪ್ರಯೋಜನವಾಗಲಿಲ್ಲ. ಅಷ್ಟೂ ಹೊತ್ತು ಬೂದನ ಬಾಲ ಅಲ್ಲಾಡುತ್ತಲೇ ಇತ್ತು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಕೊನೆಗೆ ಜೀಪಿನ ಡ್ರೈವರು ಗುದ್ದಲಿಯ ಕಾವಿಗೆ ಹೊಡೆಯಲೆಂದು ಕೆತ್ತಿಟ್ಟಿದ್ದ ಮರದ ಬೆಣೆಯನ್ನು ಅವನ ಕೋರೆಹಲ್ಲಿನ ಹಿಂದೆ ತೂರಿಸಿ ತಿರುಚಿದ ಮೇಲೆ ಬಾಯಿ ಬಿಟ್ಟ. ಪಿಟ್‌ಬುಲ್ಲಿನ ದವಡೆಗೆ ಬೀಗವಿದೆ ಎನ್ನುವುದು ಸುಳ್ಳು. ದವಡೆ ಎಲ್ಲ ನಾಯಿಯಂತೆಯೇ ಇದೆ, ಬಿಡಬೇಕೆಂದು ಅದಕ್ಕೆ ಅನ್ನಿಸುವುದಿಲ್ಲ, ಅಷ್ಟೇ. ಇನ್ನೊಂದು ಮಾತು: ಆ ಗಲಾಟೆಯಲ್ಲಿ ಮೇಸ್ತ್ರಿಯ ಮಣಿಕಟ್ಟಿಗೆ ಕಚ್ಚಿದ್ದು ಬೂದನಲ್ಲ, ನೋವಿನಲ್ಲಿ ಕಂಗೆಟ್ಟಿದ್ದ ಕೆಂದ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು, ರೇಬೀಸ್ ಚುಚ್ಚುಮದ್ದು ಪೂರ್ತಿ ಮುಗಿಯುವವರೆಗೆ ಪ್ರತಿ ಸಲ ನಾನೇ ಹೋಗಿಬಂದೆ. ಮರುದಿನ ಎಂಟು ಜನ ಕೊಯ್ಲಿಗೆ ಬರಲಿಲ್ಲ. ಆಳು ಸಿಗದ ಈ ಕಾಲದಲ್ಲಿ ಹಣ್ಣು ಗಿಡದಲ್ಲೇ ಒಣಗಿದ ನಷ್ಟವನ್ನು, ಕಳುವಾದ ಮೆಣಸಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಹಾಗೆಂದು ಪಟ್ಟಿ ಮಾಡಿ ನಿಷೇಧಿಸುವುದರ ಪರವಾಗಿ ನಾನಿಲ್ಲ. ಬ್ರಿಟನ್ನಿನಲ್ಲಿ 1991ರ ಅಪಾಯಕಾರಿ ನಾಯಿಗಳ ಕಾಯ್ದೆ ಪಿಟ್‌ಬುಲ್, ತೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರಸಿಲೇರೊ ಎಂಬ ನಾಲ್ಕನ್ನು ನಿಷೇಧಿಸಿತು. ಅಲ್ಲಿ ನೋಡುವುದು ನಾಯಿಯ ವಂಶಾವಳಿಯನ್ನಲ್ಲ, ಮೈಕಟ್ಟಿನ ಅಳತೆಯನ್ನು. ಜನ ಆ ಅಳತೆಗೆ ಸಿಗದ ಇನ್ನೂ ದೊಡ್ಡ ನಾಯಿಯತ್ತ ಹೊರಳಿದರು, ಎಕ್ಸ್‌ಎಲ್ ಬುಲ್ಲಿ ಎಂಬುದು ಎಲ್ಲ ಕಡೆ ಹಬ್ಬಿತು, ಅದರಿಂದ ಸಾವುಗಳಾದವು, 2023ರ ಕೊನೆಗೆ ಅದನ್ನೂ ಪಟ್ಟಿಗೆ ಸೇರಿಸಬೇಕಾಯಿತು. ನೆದರ್ಲೆಂಡ್ಸ್ 1993ರಲ್ಲಿ ತಂದ ನಿಷೇಧವನ್ನು, ಕಚ್ಚುವ ಪ್ರಕರಣಗಳು ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. 2007ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್ ನಡೆಸುತ್ತಿದ್ದ ನಾಯಿಕಾಳಗದ ಅಡ್ಡೆಯಿಂದ ಹಿಡಿದು ತಂದ ಸುಮಾರು 50 ನಾಯಿಗಳಲ್ಲಿ ಬಹುಪಾಲು ಮನೆಗಳಿಗೋ ಆಶ್ರಯಧಾಮಗಳಿಗೋ ಸೇರಿ ಬದುಕಿದವು. ಆದರೆ 2022ರಲ್ಲಿ ಲಖನೌದಲ್ಲಿ ಮನೆಯ ಪಿಟ್‌ಬುಲ್ಲೇ ವೃದ್ಧೆಯೊಬ್ಬರನ್ನು ಕೊಂದದ್ದೂ ನಿಜ. ಊರ ನಾಯಿ ಕಚ್ಚಿದರೆ ಹೊಲಿಗೆ, ಇದು ಕಚ್ಚಿದರೆ ಏನಾದೀತೆಂದು ಹೇಳಲಾಗದು. ತಳಿಯ ಮೇಲೆ ದ್ವೇಷವಿಲ್ಲದೆಯೂ ಈ ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದು.

ಮುಧೋಳ ತನ್ನಿ ಎಂದು ಇಬ್ಬರು ಬರೆದಿದ್ದಾರೆ. ಮುಧೋಳ ನಾಯಿಯ ಬಗ್ಗೆ ನನಗೂ ಹೆಮ್ಮೆ ಇದೆ, ಆದರೆ ಅದು ಬಯಲುಸೀಮೆಯ ಬೇಟೆನಾಯಿ, ದೂರದಲ್ಲಿ ಓಡುವುದನ್ನು ಕಣ್ಣಿನಿಂದ ಕಂಡು ಬೆನ್ನಟ್ಟುವುದು ಅದರ ಸ್ವಭಾವ. ಇಪ್ಪತ್ತಡಿ ಆಚೆ ಏನೂ ಕಾಣದ ರೊಬಸ್ಟಾ ಕಾಫಿ ತೋಟದಲ್ಲಿ ಅದು ಮೊಲದ ಹಿಂದೆ ಹೋಗಿ ಪಕ್ಕದ ತೋಟ ಸೇರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಯನ್ನು ಕೆಣಕಿದ ನಾಯಿ ತಿರುಗಿ ಓಡಿಬರುವುದು ಯಜಮಾನನ ಕಡೆಗೇ, ಆನೆಯನ್ನೂ ಹಿಂದೆ ಕರೆದುಕೊಂಡು. ಬೆನ್ನಟ್ಟುವ ನಾಯಿ ನಮಗೆ ಬೇಡ.

ನಾನು ಈಗ ಇಟ್ಟುಕೊಂಡಿರುವುದು ಎರಡು ಊರ ನಾಯಿ, ಒಂದು ಗಂಡು ಒಂದು ಹೆಣ್ಣು, ಎರಡಕ್ಕೂ ಸಂತಾನಹರಣ ಆಗಿದೆ, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಿಸುವುದಿಲ್ಲ, ಉಣುಗಿಗೆ ಔಷಧಿ ಹಾಕಿಸುತ್ತೇನೆ. ಹಗಲು ಬಿಟ್ಟಿರುತ್ತೇನೆ. ರಾತ್ರಿ ಗೋದಾಮಿನ ಬಾಗಿಲೂ ಕಣವೂ ಕಾಣುವ ಮೂಲೆಯಲ್ಲಿ, ಸಿಮೆಂಟು ನೆಲ, ನಾಲ್ಕು ಕಡೆ ದಪ್ಪ ಜಾಲರಿ, ಮೇಲೆ ಶೀಟು ಹಾಕಿದ ಗೂಡಿನಲ್ಲಿ ಬಿಡುತ್ತೇನೆ. ಸರಪಳಿಯಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟವಿದ್ದಂತೆ. ಪಿಟ್‌ಬುಲ್ ಆದರೂ ಅಷ್ಟೇ, ರಾಟ್‌ವೀಲರ್ ಆದರೂ ಅಷ್ಟೇ. ಗೂಡಿನೊಳಗಿದ್ದೇ ಅವು ಬೊಗಳುತ್ತವೆ, ಕಾವಲುಗಾರ ಟಾರ್ಚು ಹಿಡಿದು ಏಳುತ್ತಾನೆ. ನಾಯಿಯಿಂದ ನಾನು ಇದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ.

ಇಷ್ಟಾದರೂ ಆ ಮರಿಗಳನ್ನು ತರಲೇಬೇಕೆಂದಿದ್ದರೆ, ಎರಡನ್ನೂ ತರಬೇಡಿ. ಒಟ್ಟಿಗೆ ಬೆಳೆದ ಎರಡು ಗಂಡುಗಳು ಒಂದೂವರೆ ಎರಡು ವರ್ಷದ ಹೊತ್ತಿಗೆ ಒಂದರ ಮೇಲೊಂದು ಬೀಳುವುದು ಈ ತಳಿಯಲ್ಲಿ ಸಾಮಾನ್ಯ, ಆಗ ನಿಮಗೆ ಎರಡು ಗೂಡು, ಎರಡು ಹೊತ್ತಿನ ಓಡಾಟ ಬೇಕಾಗುತ್ತದೆ. ಮರಿ ಹೊಸ ಜನರನ್ನೂ ಬೇರೆ ನಾಯಿಗಳನ್ನೂ ಸಹಜವೆಂದು ಕಲಿಯುವುದು ಹೆಚ್ಚುಕಡಿಮೆ ಮೂರರಿಂದ ಹದಿನಾಲ್ಕನೆಯ ವಾರದವರೆಗೆ; ನಾಲ್ಕು ತಿಂಗಳಾಯಿತು ಎಂದರೆ ಆ ಅವಧಿ ಬೆಂಗಳೂರಿನಲ್ಲೇ ಕಳೆದುಹೋಗಿದೆ, ಅದು ಎಲ್ಲಿ, ಹೇಗೆ ಕಳೆಯಿತು ಎಂದು ವಿಚಾರಿಸಿ. ಆರಡಿ ಎತ್ತರದ, ಅಡಿಯಲ್ಲಿ ತೋಡಲಾಗದ ಗೂಡು ಮೊದಲು ಕಟ್ಟಿಸಿ, ಆಮೇಲೆ ಮರಿ ತನ್ನಿ. ಕೊಯ್ಲಿನ ದಿನಗಳಲ್ಲಿ ಹಗಲು ಹೊರಗೆ ಬಿಡಲೇಬೇಡಿ, ಹೊರಗೆ ಕರೆದೊಯ್ಯುವಾಗ ಬಾಯಿಗೆ ಕುಕ್ಕೆ ಇರಲಿ, ಬೆಣೆಯೊಂದು ಕೈಗೆಟಕುವಲ್ಲಿರಲಿ. ದಿನವಿಡೀ ಕಟ್ಟಿಹಾಕಿ ಓಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೆಂಬುದೂ ನೆನಪಿರಲಿ.

ಕಾಗದಪತ್ರ ಇದೆ ಎಂದಿದ್ದಾರೆ ಎಂದು ಬರೆದಿದ್ದೀರಿ. ನಾಯಿತಳಿಗಳನ್ನು ಮಾನ್ಯಮಾಡುವ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಅನ್ನು ತಳಿಯೆಂದೇ ಒಪ್ಪಿಲ್ಲ, ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಅನ್ನು ಒಪ್ಪಿದೆ. ಹಾಗಾಗಿ ಕಾಗದದಲ್ಲಿ ಯಾವ ಹೆಸರಿದೆ, ಯಾವ ಸಂಸ್ಥೆಯದು, ಅದರಲ್ಲಿರುವ ಮೈಕ್ರೋಚಿಪ್ ಸಂಖ್ಯೆಯೇ ಮರಿಯ ಮೈಯಲ್ಲಿಯೂ ಬರುತ್ತದೆಯೇ ಎಂದು ನೋಡಬೇಕು. 2017ರ ನಿಯಮದ ಪ್ರಕಾರ ನಾಯಿಮರಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಮರಿಗಳ ತಾಯಿಯನ್ನು ನೀವೇ ಕಣ್ಣಾರೆ ನೋಡಿ, ಅದು ಇನ್ನೊಂದು ನಾಯಿ ಎದುರಿಗೆ ಬಂದಾಗ ಹೇಗಿರುತ್ತದೆಂದು ಗಮನಿಸಿ. ಬೆಂಗಳೂರಿಗೆ ಹೊರಡುವ ಮೊದಲು ಆ ಕಾಗದದ್ದೂ ಲಸಿಕೆ ಕಾರ್ಡಿನದೂ ಫೋಟೋ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.