ಅಮ್ಮನ ಸುಸ್ತು, ಪಾದದ ಜೋಮು: ಮೊದಲು ಯಾರಿಗೆ ತೋರಿಸಬೇಕು?

ಅಮ್ಮ ಎಂಟು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಈಗ ಸುಸ್ತು, ಪಾದದಲ್ಲಿ ಜೋಮು, ಯಾವ ಡಾಕ್ಟರಿಗೆ ತೋರಿಸಬೇಕು ಅಂತ ಕೇಳಿದ್ದೀರಿ. ಇದು ಬಹುಶಃ ಶುಗರ್‌ನಿಂದ ನರಕ್ಕೆ ಆದ ತೊಂದರೆ, ಇಲ್ಲವೇ ವಿಟಮಿನ್ ಬಿ12 ಕೊರತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುವುದುಂಟು, ನಮ್ಮ ಅಪ್ಪನಿಗೂ ಹೀಗೇ ಆಗಿತ್ತು. ನಿಮ್ಮ ಅಮ್ಮನಿಗೆ ಯಾವುದು ಅಂತ ರಕ್ತ ಪರೀಕ್ಷೆ ಮಾಡಿಸದೆ ಹೇಳಲು ಆಗುವುದಿಲ್ಲ, ಎರಡೂ ಇರಬಹುದು.

ಮೂಳೆ ಡಾಕ್ಟರಾ, ನರದ ಡಾಕ್ಟರಾ ಅಂತ ಸುಮ್ನೆ ಅಲೆಯಬೇಡಿ. ಮೊದಲು ಫಿಜಿಷಿಯನ್ ಹತ್ತಿರ ಹೋಗಿ, ಬೋರ್ಡಿನಲ್ಲಿ ಎಂ.ಡಿ. ಜನರಲ್ ಮೆಡಿಸಿನ್ ಅಂತ ಇರುತ್ತದೆ. ಅವರು ಆಪರೇಷನ್ ಮಾಡುವವರಲ್ಲ. ಶುಗರ್, ಬಿಪಿ, ಥೈರಾಯ್ಡ್, ಕಿಡ್ನಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ, ದೊಡ್ಡವರ ಕಾಯಿಲೆಗೆ ಬೇಕಾಗಿರುವುದು ಅದೇ ಅಲ್ವಾ?

ಹೋಗುವಾಗ ಎಲ್ಲ ಮಾತ್ರೆಯ ಪಟ್ಟಿ, ಹಳೇ ರಿಪೋರ್ಟು ಒಂದೇ ಚೀಲದಲ್ಲಿ ಒಯ್ಯಿರಿ. 3 ತಿಂಗಳ ಸರಾಸರಿ ಶುಗರ್, ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಮಾಡಿಸಬೇಕಾ ಅಂತ ಕೇಳಿ. ರಕ್ತ ಕೊಡುವ ಮೊದಲು ಬಿ12 ಮಾತ್ರೆ ಶುರು ಮಾಡಬೇಡಿ, ರಿಪೋರ್ಟು ತಪ್ಪು ದಾರಿ ಹಿಡಿಸುತ್ತದೆ. ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ. ಅಂಗಾಲಲ್ಲಿ ಗಾಯ ಇದೆಯಾ ಅಂತ ದಿನಾ ನೋಡಿ, ಜೋಮಿದ್ದರೆ ನೋವೇ ಗೊತ್ತಾಗುವುದಿಲ್ಲ.

ಎದೆ ನೋವು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಇದ್ದಕ್ಕಿದ್ದಂತೆ ಸೋಲುವುದು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ 108ಕ್ಕೆ ಫೋನ್ ಮಾಡಿ.