ಕಥೆಯೂ ಇರಲಿ, ಆದರೆ ನಿಯಮದೊಳಗೆ ಬೇಡ

ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಆಟದ ನಿಯಮಪುಸ್ತಕವನ್ನು ಕಥೆಯ ಧಾಟಿಯಲ್ಲಿ ಬರೆಯಲೋ, ಕೈಪಿಡಿಯ ಥರ ಬರೆಯಲೋ ಅಂತ ಕೇಳಿದ್ದೀರಿ. ಎರಡೂ ಬೇಕು, ಒಂದೇ ಪ್ಯಾರಾದಲ್ಲಿ ಮಾತ್ರ ಬೇಡ. ಆಟದ ಮಧ್ಯೆ ಪುಸ್ತಕ ತೆರೆದವರು ಓದಲು ಕೂತಿರುವುದಿಲ್ಲ, ಏನನ್ನೋ ಹುಡುಕುತ್ತಿರುತ್ತಾರೆ, ಪಕ್ಕದಲ್ಲಿ ಉಳಿದವರು ದಾಳ ಹಿಡಿದು ಕಾಯುತ್ತಿರುತ್ತಾರೆ, ಅಲ್ವಾ? ‘ಹತ್ತಿರದ ಶತ್ರು’ ಅಂತ ಬರೆದರೆ ಹತ್ತಿರ ಅಂದರೆ ಎಷ್ಟು ಅಂತ ಜಗಳ ಶುರು. ‘5 ಅಡಿಯೊಳಗಿನ ಒಬ್ಬ ಶತ್ರು’ ಅನ್ನಿ, ಮುಗೀತು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂಥದ್ದೇ ಆಟ ಎರಡೂ ಧಾಟಿಯನ್ನು ಪ್ರಯತ್ನಿಸಿದೆ. 2008ರ ನಾಲ್ಕನೇ ಆವೃತ್ತಿ ಪಾತ್ರದ ಪ್ರತಿ ಶಕ್ತಿಯನ್ನೂ (ದಾಳಿ, ಮಂತ್ರ ಇತ್ಯಾದಿ) ಒಂದು ಚೌಕದೊಳಗೆ ಅಚ್ಚುಕಟ್ಟಾಗಿ ಕೊಟ್ಟಿತು, 2014ರ ಐದನೆಯದು ಸಹಜ ವಾಕ್ಯಗಳಿಗೆ ಮರಳಿತು. ಓದಲು ಐದನೆಯದೇ ಹಿತ, ಹುಡುಕಲು ನಾಲ್ಕನೆಯದು ಸಲೀಸು. ಬರೆದದ್ದನ್ನು ಆಟ ಗೊತ್ತಿಲ್ಲದವರ ಕೈಗೆ ಕೊಟ್ಟು ಸುಮ್ನೆ ನೋಡಿ, ತಡವರಿಸಿದ ಕಡೆ ತಿದ್ದಿ.